ನನ್ನ ನೋಟ್ಸಿನಲ್ಲಿ ಬರೀ ಪೌಂಡು

ದಾಬಸ್‌ಪೇಟೆಯಲ್ಲಿ ತುಮಕೂರು ಬಸ್ಸಿಗೆ ಕಾಯುವವರು ನಿಲ್ಲುವ ಜಾಗದ ಎದುರಿಗೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಜೆರಾಕ್ಸ್ ಮಿಷನ್ನು, ಎರಡು ಕಂಪ್ಯೂಟರು, ಒಂದು ಲ್ಯಾಮಿನೇಶನ್, ಮೂಲೆಯಲ್ಲಿ ಸ್ಪೈರಲ್ ಬೈಂಡಿಂಗಿಗೆ ತೂತು ಹೊಡೆಯುವ ಯಂತ್ರ. ಸೋಂಪುರದ ಕಾರ್ಖಾನೆಗಳಲ್ಲಿ ಕೆಲಸ ಕೇಳಲು ಹೊರಟ ಹುಡುಗರ ಬಯೋಡೇಟಾ, ಪಹಣಿ ನಕಲು, ಸ್ಕಾಲರ್‌ಶಿಪ್ ಅರ್ಜಿ, ಶಿವಗಂಗೆ ಜಾತ್ರೆಯ ಕರಪತ್ರ, ಗೃಹಪ್ರವೇಶದ ಆಹ್ವಾನ ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಇದರ ಜೊತೆಗೆ ಇಪ್ಪತ್ತೆರಡು ವರ್ಷದಿಂದ ಕಾಲೇಜು ಮೇಷ್ಟ್ರುಗಳ ನೋಟ್ಸ್ ಟೈಪ್ ಮಾಡಿಕೊಡುತ್ತಿದ್ದೇನೆ. ಸೆಮಿಸ್ಟರು ಶುರುವಾದಾಗ ಅವರು ಕೈಬರಹದ ಹಾಳೆ ತಂದುಕೊಡುತ್ತಾರೆ. ನಾನು ಪೇಜ್‌ಮೇಕರ್ ತೆರೆದು, ನುಡಿ ಅಕ್ಷರದಲ್ಲಿ ಹೊಡೆದು, ಒಂದು ಪ್ರತಿ ತೆಗೆದಿಡುತ್ತೇನೆ. ಆಮೇಲೆ ಹುಡುಗರು ಬಂದು ಅದರ ಜೆರಾಕ್ಸ್ ತೆಗೆದುಕೊಂಡು ಹೋಗುತ್ತಾರೆ. ಕೀಲಿಮಣೆ ನೋಡದೆ ಹೊಡೆಯಬಲ್ಲೆ ಎಂಬ ಸಣ್ಣ ಜಂಬವೂ ನನಗಿತ್ತು.

ಆ ಜಂಬ ಇಳಿಸಿದವನು ಶಿವಗಂಗೆ ಕಡೆಯ ಹಳ್ಳಿಯೊಂದರಿಂದ ಬಿಎ ಓದಲು ಹೋಗುವ ಹುಡುಗ. ಅವನಿಗೆ ಕಣ್ಣು ಕಾಣುವುದಿಲ್ಲ. ಮೊದಮೊದಲು ತಂಗಿಯ ಜೊತೆ ಬಂದು ಜೆರಾಕ್ಸ್ ಒಯ್ಯುತ್ತಿದ್ದ, ಮನೆಯಲ್ಲಿ ಅವಳು ಓದಿ ಹೇಳುತ್ತಿದ್ದಳು. ಒಂದು ದಿನ ಒಬ್ಬನೇ ಬಂದ. ಹೊಸ ಫೋನು ತಂದಿದ್ದ. "ಅಣ್ಣಾ, ಇನ್ಮೇಲೆ ಜೆರಾಕ್ಸ್ ಬೇಡ, ಪಿಡಿಎಫ್ ವಾಟ್ಸಾಪ್ ಮಾಡ್ಬಿಡಿ. ಫೋನೇ ಓದ್ತದೆ" ಅಂದ. ಅಲ್ಲೇ ಕಳಿಸಿದೆ. ಅವನು ಅಂಗಡಿ ಬೆಂಚಿನ ಮೇಲೆ ಕೂತು ಕಿವಿಗೆ ಫೋನು ಹಿಡಿದ. ಒಂದು ನಿಮಿಷಕ್ಕೆ ಮುಖ ಗಂಟಿಕ್ಕಿಕೊಂಡಿತು.

"ಏನ್ ಕಳ್ಸಿದ್ದೀರ ಅಣ್ಣಾ? ಬರೀ ಪೌಂಡು ಪೌಂಡು ಅಂತದೆ."

ಅರ್ಥಶಾಸ್ತ್ರದ ನೋಟ್ಸಲ್ಲವೇ, ಎಲ್ಲೋ ಇಂಗ್ಲೆಂಡಿನ ದುಡ್ಡಿನ ವಿಚಾರ ಬಂದಿರಬೇಕು ಅಂದುಕೊಂಡೆ. ಅವನು ಫೋನನ್ನು ನನ್ನ ಕಿವಿಗಿಟ್ಟ. ಪಿ, ಎ, ಪೌಂಡ್, ಎ, ಮತ್ತೇನೋ, ಕ್ಯೂ, ಎ. ಹೀಗೇ ಸಾಲುಸಾಲು. ಅದು ನಾನು ಹೊಡೆದಿದ್ದ "ಕನ್ನಡ" ಎಂಬ ಪದ.

ಯಾಕೆ ಹೀಗಾಗುತ್ತದೆಂದು ನನಗೆ ಅರ್ಥವಾಗಲು ಎರಡು ದಿನ ಬೇಕಾಯಿತು. ಓದುಗರಿಗೂ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ರಾಜ್ಯದ ಡಿಟಿಪಿ ಅಂಗಡಿಗಳಲ್ಲಿ ಇದು ಇವತ್ತಿಗೂ ನಡೆಯುತ್ತಿದೆ. ಹಳೆಯ ನುಡಿ ಅಕ್ಷರದಲ್ಲಿ ಹೊಡೆದಾಗ ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತಿರುವುದು ಇಂಗ್ಲಿಷಿನ ಅಕ್ಷರ, ಚಿಹ್ನೆಗಳು. ನಮ್ಮ "ಕ" ಅಲ್ಲಿ ಪಿ. ನಮ್ಮ "ನ" ಅಲ್ಲಿ ಪೌಂಡಿನ ಗುರುತು. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸಿರುತ್ತದೆ ಅಷ್ಟೆ. ಕಣ್ಣಿದ್ದವರು ಅಂಗಿ ನೋಡಿ ಓದಿಕೊಳ್ಳುತ್ತಾರೆ. ಟಾಕ್‌ಬ್ಯಾಕ್ ಅಥವಾ ಎನ್‌ವಿಡಿಎಯಂಥ ಓದಿಹೇಳುವ ತಂತ್ರಾಂಶಕ್ಕೆ ಅಂಗಿ ಕಾಣುವುದಿಲ್ಲ, ಒಳಗಿರುವುದನ್ನೇ ಓದುತ್ತದೆ. ಕನ್ನಡದಲ್ಲಿ "ನ" ಇಲ್ಲದ ಸಾಲು ಎಲ್ಲಿದೆ? ಹಾಗಾಗಿ ಸಾಲಿಗೆ ನಾಲ್ಕು ಪೌಂಡು. ಯೂನಿಕೋಡಿನಲ್ಲಿ ಹೊಡೆದರೆ "ಕ" ಒಳಗೂ "ಕ"ವೇ, ಫೋನು ಗಿಳಿಯ ಹಾಗೆ ಓದುತ್ತದೆ. ನುಡಿಯನ್ನು ನಾನು ದೂರುತ್ತಿಲ್ಲ. ನನ್ನ ಮನೆಯ ಒಲೆ ಉರಿದದ್ದೇ ಅದರಿಂದ, ಅದರಲ್ಲೇ ಯೂನಿಕೋಡ್ ಬಂದು ಎಷ್ಟೋ ವರ್ಷವೂ ಆಗಿದೆ. ಹಳೆಯ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಒಗ್ಗುವುದಿಲ್ಲ, ನಮಗೆ ಪೇಜ್‌ಮೇಕರ್ ಬಿಟ್ಟು ಬೇರೆ ಒಗ್ಗುವುದಿಲ್ಲ. ಅಷ್ಟೇ ಕಾರಣ.

ಅಂದರೆ ಇಪ್ಪತ್ತೆರಡು ವರ್ಷ ನಾನು ಟೈಪ್ ಮಾಡಿದ ಸಾವಿರಾರು ಪುಟಗಳಲ್ಲಿ ಒಂದೇ ಒಂದು ಪುಟವೂ ಕಣ್ಣು ಕಾಣದ ವಿದ್ಯಾರ್ಥಿಗೆ ಓದಲು ಬರುವಂಥದ್ದಲ್ಲ. ಯಾವ ಪ್ರಿನ್ಸಿಪಾಲರೂ ತಡೆದದ್ದಲ್ಲ, ಯಾವ ಸರ್ಕಾರವೂ ಹಣ ಕೊಡದೆ ನಿಂತದ್ದಲ್ಲ. ಅವನಿಗೂ ಪಾಠಕ್ಕೂ ಮಧ್ಯೆ ಅಡ್ಡ ನಿಂತಿದ್ದದ್ದು ನನ್ನ ಕೈಚಳಕ.

ಈ ಮಾತನ್ನು ಪತ್ರಿಕೆಗೆ ಬರೆಯಲು ಕಾರಣವಿದೆ. ಅಂಗವಿಕಲ ವಿದ್ಯಾರ್ಥಿಗಳಿಗೆ ಕಾಲೇಜಿನಲ್ಲಿ ಅನುಕೂಲ ಮಾಡಿಕೊಡಬೇಕು ಎಂದೊಡನೆ ನಮ್ಮವರ ಕಣ್ಣ ಮುಂದೆ ಲಿಫ್ಟು, ಕಟ್ಟಡ, ಅನುದಾನ ಬಂದು ನಿಲ್ಲುತ್ತವೆ. "ಅಷ್ಟು ದುಡ್ಡು ಎಲ್ಲಿದೆ ಸ್ವಾಮಿ?" ಎಂದರೆ ಮಾತು ಮುಗಿಯಿತು. ನಾನು ಹೇಳಲು ಹೊರಟಿರುವುದು ದುಡ್ಡು ಬೇಡದ ಅನುಕೂಲಗಳ ಬಗ್ಗೆ. ಅವು ದುಡ್ಡು ಕೇಳುವುದಿಲ್ಲ, ಅಭ್ಯಾಸ ಬದಲಿಸಿಕೊಳ್ಳಿ ಎನ್ನುತ್ತವೆ. ಅದಕ್ಕೇ ಕಷ್ಟ.

ಕಾನೂನಿನಲ್ಲಿ ಏನೂ ಕೊರತೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಹಳೆಯ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು, ಇದರಲ್ಲಿ ಇಪ್ಪತ್ತೊಂದು. ಸರ್ಕಾರಿ ಮತ್ತು ಅನುದಾನಿತ ಕಾಲೇಜುಗಳಲ್ಲಿ ಶೇಕಡ 5ಕ್ಕೆ ಕಡಿಮೆ ಇಲ್ಲದಷ್ಟು ಸೀಟು ಇಡಬೇಕು, ಪಾಠದಲ್ಲೂ ಪರೀಕ್ಷೆಯಲ್ಲೂ ತಕ್ಕ ಮಾರ್ಪಾಡು ಮಾಡಬೇಕು ಎಂದು ಅದರಲ್ಲಿ ಬರೆದಿದೆ. ಅರವತ್ತು ಹುಡುಗರ ತರಗತಿಯಲ್ಲಿ ಶೇಕಡ 5 ಎಂದರೆ ಮೂವರು. ನೆಲಮಂಗಲ, ತುಮಕೂರು ಕಡೆಯ ಕಾಲೇಜುಗಳಿಂದ ನನ್ನ ಅಂಗಡಿಗೆ ಬರುವ ಹುಡುಗರನ್ನು ಕೇಳಿದ್ದೇನೆ, "ನಿಮ್ಮ ಕ್ಲಾಸಲ್ಲಿ ಇಂಥವರು ಎಷ್ಟು ಜನ ಇದ್ದಾರಪ್ಪಾ?" ಅಂತ. "ಒಬ್ಬ ಇದ್ದ ಅಂಕಲ್, ಬಿಟ್ಬಿಟ್ಟ." ಇದೇ ಉತ್ತರ ಎಷ್ಟು ಸಲ ಕೇಳಿದ್ದೇನೋ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13.24 ಲಕ್ಷ. ಅವರಲ್ಲಿ ಕಾಲೇಜು ಓದುವ ವಯಸ್ಸಿನವರೆಲ್ಲ ಎಲ್ಲಿ ಹೋಗುತ್ತಾರೆ?

ಇಲ್ಲಿ ಒಂದು ಮಾತು ಬದಿಗೆ. ಈ ಹುಡುಗರನ್ನು ಏನೆಂದು ಕರೆಯಬೇಕು ಎಂಬ ಜಗಳದಲ್ಲಿ ಲಾಭ ಮಾಡಿಕೊಂಡವನು ನಾನೊಬ್ಬನೇ ಇರಬೇಕು. ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಬ್ಯಾನರ್ ಮಾಡಿಸಲು ಬರುತ್ತಾರೆ. ಒಂದು ವರ್ಷ ಅಂಗವಿಕಲ, ಇನ್ನೊಂದು ವರ್ಷ ವಿಕಲಚೇತನ, ಆಮೇಲೆ ವಿಶೇಷಚೇತನ, ದಿವ್ಯಾಂಗ. ಪದ ಬದಲಾದಾಗಲೆಲ್ಲ ಹೊಸ ಬ್ಯಾನರು. ಒಮ್ಮೆ ಈ ಹುಡುಗನನ್ನೇ ಕೇಳಿದೆ, ನಿನಗೆ ಯಾವುದು ಸರಿ ಅನ್ನಿಸುತ್ತೆ ಅಂತ. "ಚೇತನ ಚೆನ್ನಾಗೈತೆ ಅಣ್ಣ, ಅದಕ್ಕೇನೂ ಆಗಿಲ್ಲ. ಕಣ್ಣು ಕಾಣಲ್ಲ ಅಷ್ಟೇಯ" ಅಂದ. ನಾನು ಕುರುಡ ಎಂಬ ಪದ ಬಾಯಿಗೆ ಬರದಂತೆ ಎಚ್ಚರ ವಹಿಸುತ್ತಿದ್ದಾಗ ಅವನು ತನ್ನ ಗೆಳೆಯರ ಬಗ್ಗೆ ಹೇಳುತ್ತ "ನಮ್ಮ ಕುರುಡ್ರ ಗ್ಯಾಂಗು" ಎಂದು ನಕ್ಕ.

ಪರೀಕ್ಷೆಯ ವಿಷಯಕ್ಕೆ ಬರುತ್ತೇನೆ. ಅಲ್ಲಿ ನಾನೇ ಒಳಗೆ ಕೂತು ನೋಡಿದ್ದೇನೆ.

ಅವನಿಗೆ ಉತ್ತರ ಬರೆದುಕೊಡುತ್ತಿದ್ದ ಪಿಯುಸಿ ಹುಡುಗಿಗೆ ಜ್ವರ ಬಂತು. ಪರೀಕ್ಷೆಯ ಹಿಂದಿನ ಸಂಜೆ ಅಂಗಡಿಗೆ ಬಂದು, "ಅಣ್ಣಾ, ನೀವು ಎಷ್ಟು ಓದಿದ್ದೀರಿ?" ಅಂತ ಕೇಳಿದ. ಸಂಕೋಚದಿಂದಲೇ ಪಿಯುಸಿ ಎಂದೆ. ಅವನ ಮುಖ ಅರಳಿತು. 2018ರ ಆಗಸ್ಟ್ 29ರ ಕೇಂದ್ರದ ಮಾರ್ಗಸೂಚಿ ಪ್ರಕಾರ, ಆಗ ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್, ಅಂದರೆ ಉತ್ತರ ಬರೆದುಕೊಡುವವರು, ಅವನಿಗಿಂತ ಒಂದು ಮೆಟ್ಟಿಲು ಕಡಿಮೆ ಓದಿದವರಾಗಿರಬೇಕಿತ್ತು. ಡಿಗ್ರಿಯವನಿಗೆ ಪಿಯುಸಿಯವನು. ನನ್ನ ಪಿಯುಸಿ ಅರ್ಹತೆಯಾಗಿ ಎಲ್ಲಾದರೂ ಉಪಯೋಗಕ್ಕೆ ಬಂದದ್ದು ಬದುಕಿನಲ್ಲಿ ಅದೊಂದೇ ಸಲ. ಅಂಗಡಿಗೆ ಬಾಗಿಲು ಹಾಕಿ ಹೋದೆ. ಯಾವ ಕಾಲೇಜು ಎಂದು ಹೇಳುವುದಿಲ್ಲ, ಹೇಳಿ ಪ್ರಯೋಜನವೂ ಇಲ್ಲ.

ನಮ್ಮನ್ನು ಕೂರಿಸಿದ್ದು ಸ್ಟಾಫ್ ರೂಮಿನ ಪಕ್ಕದ ವರಾಂಡದಲ್ಲಿ. ಕೊಠಡಿಯೊಳಗೆ ಕೂರಿಸಿದರೆ ನಮ್ಮ ಮಾತಿನಿಂದ ಉಳಿದವರಿಗೆ ತೊಂದರೆ, ಅದು ನಿಜ. ಆದರೆ ವರಾಂಡದಲ್ಲಿ ಗಂಟೆ, ಟೀ ಲೋಟಗಳ ಸದ್ದು, ಹೆದ್ದಾರಿ ಲಾರಿಗಳ ಹಾರನ್ನು. ಪ್ರಶ್ನೆಪತ್ರಿಕೆ ಎರಡು ಸಲ ಓದಿ ಹೇಳುವಷ್ಟರಲ್ಲಿ ಹನ್ನೆರಡು ನಿಮಿಷ ಹೋಗಿತ್ತು. ಆಮೇಲೆ ಅವನು ಒಂದು ವಾಕ್ಯ ಹೇಳುತ್ತಾನೆ, ಲಾರಿ ಹೋಗುತ್ತದೆ, ನಾನು ಮತ್ತೆ ಕೇಳುತ್ತೇನೆ, ಬರೆಯುತ್ತೇನೆ, ಓದಿ ತೋರಿಸುತ್ತೇನೆ, ಅವನು ಒಂದು ಪದ ಬದಲಿಸುತ್ತಾನೆ. ಉಳಿದ ಹುಡುಗರು ಒಂದು ಪುಟ ಬರೆಯುವ ಹೊತ್ತಿಗೆ ನಮ್ಮದು ಅರ್ಧ ಪುಟ. ಗಂಟೆಗೆ ಇಪ್ಪತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕು ಎಂದು ಅದೇ ಮಾರ್ಗಸೂಚಿ ಹೇಳುತ್ತಿತ್ತು, ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. "ಅವರಿಗೆ ಜಾಸ್ತಿ ಟೈಮು ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ?" ಎಂದು ಕೇಳುವವರು ಒಂದು ದಿನ ಆ ವರಾಂಡದಲ್ಲಿ ಪೆನ್ನು ಹಿಡಿದು ಕೂರಲಿ.

ಮೂರು ಗಂಟೆ ಮುಗಿದ ಮೇಲೆ ಅಟೆಂಡರು ಬೀಗದ ಕೈಗೊಂಚಲು ಅಲ್ಲಾಡಿಸುತ್ತ ಎರಡು ಸಲ ಬಂದು ಹೋದರು. ಮೇಲ್ವಿಚಾರಕರೂ ಬಂದರು. ಒಳ್ಳೆಯ ಮನುಷ್ಯ. ದನಿ ತಗ್ಗಿಸಿ ನನಗೆ ಹೇಳಿದರು, "ಪಾಪ, ನಿಮಗೆ ಗೊತ್ತಿದ್ದರೆ ನೀವೇ ನಾಲ್ಕು ಸಾಲು ಸೇರಿಸಿ ಬರೆದು ಮುಗಿಸಿಬಿಡಿ. ಊಟದ ಹೊತ್ತಾಯ್ತು." ಕಣ್ಣು ಕಾಣದವರಿಗೆ ಕಿವಿ ಚುರುಕು ಎಂಬುದು ಅವರಿಗೆ ಮರೆತಿತ್ತು. ಹುಡುಗ ತಲೆ ಎತ್ತಿದ. "ಬೇಡ ಸಾರ್. ನನ್ನ ಒಂದು ಗಂಟೆ ಕೊಡಿ, ನಾನೇ ಹೇಳ್ತೀನಿ." ಇಪ್ಪತ್ತೈದು ನಿಮಿಷ ಸಿಕ್ಕಿತು. ಕೊನೆಯ ಐದು ಅಂಕದ ಪ್ರಶ್ನೆ ಉಳಿದುಹೋಯಿತು.

ಆ ಸಾಹೇಬರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಅದೇ ಕಷ್ಟ. ಸಿಟ್ಟು ಬರುವಂಥ ಮನುಷ್ಯನಾಗಿದ್ದರೆ ಸುಲಭವಾಗುತ್ತಿತ್ತು. ಅವರಿಗೆ ಅವನ ಬಗ್ಗೆ ಕರುಣೆ ಧಾರಾಳವಾಗಿತ್ತು. ಕೊಡಬೇಕಾದ ಒಂದು ಗಂಟೆಯನ್ನು ಕೊಡದೆ, ಕೊಡಬಾರದ ನಾಲ್ಕು ಸಾಲನ್ನು ಕೊಡಲು ಬಂದರು. ನಮ್ಮ ಕಾಲೇಜುಗಳಲ್ಲಿ ನಾನು ಕಂಡ ಅನುಕೂಲಗಳೆಲ್ಲ ಹೆಚ್ಚುಕಡಿಮೆ ಇದೇ ಜಾತಿಯವು. ಹಾಜರಾತಿಯಲ್ಲಿ ವಿನಾಯಿತಿ ಕೊಡುತ್ತಾರೆ, ಇಂಟರ್ನಲ್ ಅಂಕ ಕೈ ಬಿಚ್ಚಿ ಹಾಕುತ್ತಾರೆ, "ಬರದಿದ್ದರೂ ಪರವಾಗಿಲ್ಲ ಕಣಪ್ಪಾ" ಅನ್ನುತ್ತಾರೆ. ಬಂದರೆ ಕಲಿಯಲು ಏನು ಬೇಕು ಎಂದು ಮಾತ್ರ ಕೇಳುವುದಿಲ್ಲ.

ಅದೇ ಪರೀಕ್ಷೆಯಲ್ಲಿ ಇನ್ನೊಂದು ನಡೆಯಿತು. ಬೇಡಿಕೆ ರೇಖೆಯ ಚಿತ್ರ ಬರೆಯುವ ಪ್ರಶ್ನೆ ಇತ್ತು. ಇದನ್ನು ಬಿಡೋಣವೇ ಎಂದೆ. "ಯಾಕಣ್ಣ ಬಿಡೋದು? ಹಾಳೆ ಕೊಡಿ" ಎಂದು ನನ್ನ ಕೈ ಬೆರಳು ಹಿಡಿದು ಡೆಸ್ಕಿನ ಮೇಲೆ ಎಳೆದು ತೋರಿಸಿದ. ನೆಟ್ಟಗೊಂದು ಗೆರೆ, ಅಡ್ಡ ಒಂದು ಗೆರೆ, ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ ಇಳಿಜಾರು. ಬೆಲೆ ಇಲ್ಲಿ, ಪ್ರಮಾಣ ಅಲ್ಲಿ. ನನಗೆ ಗೊತ್ತಿಲ್ಲದ ಚಿತ್ರವನ್ನು ಕಾಣದವನು ಬರೆಸಿದ. ಆಮೇಲೆ ಬಸ್ಸಿನಲ್ಲಿ ಬರುವಾಗ ಕೇಳಿದರೆ, ಅವರ ಎಕನಾಮಿಕ್ಸ್ ಮೇಡಂ ಒಂದು ರಟ್ಟಿನ ಮೇಲೆ ಫೆವಿಕಾಲ್ ಹಚ್ಚಿ, ಹೂ ಕಟ್ಟುವ ದಾರವನ್ನು ರೇಖೆಯ ಹಾಗೆ ಅಂಟಿಸಿ, ಒಣಗಿಸಿ ಅವನ ಕೈಗೆ ಕೊಟ್ಟಿದ್ದರಂತೆ. ಬೇಡಿಕೆಗೊಂದು ರಟ್ಟು, ಪೂರೈಕೆಗೊಂದು. ಖರ್ಚು ಲೆಕ್ಕ ಹಾಕಿದರೆ ನನ್ನ ಹತ್ತು ಜೆರಾಕ್ಸಿನ ದುಡ್ಡಾಗದು.

ಆ ಮೇಡಂ ಇನ್ನೊಂದನ್ನೂ ಮಾಡುತ್ತಾರಂತೆ, ಬೋರ್ಡಿನ ಮೇಲೆ ಬರೆಯುವುದನ್ನೆಲ್ಲ ಬಾಯಲ್ಲೂ ಹೇಳುತ್ತಾರೆ. ಇದೇನು ದೊಡ್ಡದು ಎನ್ನಬೇಡಿ. ಉಳಿದ ಕ್ಲಾಸು ಹೇಗಿರುತ್ತದೆಂದು ಅವನು ಅಣಕಿಸಿ ತೋರಿಸಿದ. "ಈಗ ಇದ್ರಿಂದ ಅದನ್ನ ಕಳೀರಿ, ಏನ್ ಬಂತು? ಇದು. ಇದನ್ನ ಅಲ್ಲಿಗೆ ಹಾಕಿ. ಅರ್ಥ ಆಯ್ತಾ?" ಇದು ಯಾವುದು ಸಾರ್, ಅದು ಯಾವುದು ಎಂದು ಕೇಳಿದರೆ ಕ್ಲಾಸೆಲ್ಲ ನಗುತ್ತದೆ. ಎರಡು ಸಲ ಕೇಳಿ ಮೂರನೇ ಸಲ ಸುಮ್ಮನಾದನಂತೆ.

ಕಿವಿ ಕೇಳದ ಒಬ್ಬ ಬಿಕಾಂ ಹುಡುಗಿಯೂ ಅಂಗಡಿಗೆ ಬರುತ್ತಾಳೆ, ನನ್ನ ಹತ್ತಿರ ಚೀಟಿಯಲ್ಲಿ ಬರೆದು ಮಾತಾಡುತ್ತಾಳೆ. ತುಟಿ ನೋಡಿ ಮಾತು ಹಿಡಿಯಬಲ್ಲಳು. ಅವಳ ಚೀಟಿಯೊಂದನ್ನು ಇಟ್ಟುಕೊಂಡಿದ್ದೇನೆ: "ಸಾರ್ ಬೋರ್ಡ್ ಕಡೆ ತಿರುಗಿ ಪಾಠ ಮಾಡ್ತಾರೆ. ನನಗೆ ಅವರ ಬೆನ್ನು ಚೆನ್ನಾಗಿ ಗೊತ್ತು." ಹಿಂದಿನ ದಿನವೇ ನೋಟ್ಸ್ ಕೈಗೆ ಸಿಕ್ಕರೆ ಸಾಕು ಅನ್ನುತ್ತಾಳೆ. ಇನ್ನು ಗಾಲಿಕುರ್ಚಿಗೆಂದು ಮಾಡುವ ಇಳಿಜಾರು ದಾರಿಯ ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ತಪಾಸಣೆ ತಂಡ ಬರುವ ತಿಂಗಳು ಸಿಮೆಂಟು ಹಾಕುತ್ತಾರೆ, ಶಿವಗಂಗೆ ಬೆಟ್ಟದ ಕೊನೆಯ ಮೆಟ್ಟಿಲುಗಳಷ್ಟು ಕಡಿದಾಗಿ, ತಂಡ ಹೋದ ಮೇಲೆ ಅದರ ಮೇಲೆ ಹೂಕುಂಡ ಇಡುತ್ತಾರೆ. ಇಂಥ ಸೌಕರ್ಯಗಳ ನಿಯಮಗಳು ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವು ಕಡ್ಡಾಯವಾಗುವವರೆಗೆ, ಗಾಲಿಕುರ್ಚಿಯ ಹುಡುಗನೊಬ್ಬ ಇರುವ ಸೆಕ್ಷನ್ನಿನ ಕ್ಲಾಸನ್ನು ಮಹಡಿಯಿಂದ ಕೆಳಗೆ ತರಲು ಟೈಮ್‌ಟೇಬಲ್ ಬರೆಯುವವರ ಕೈಯಲ್ಲಿ ರಬ್ಬರು ಇದ್ದರೆ ಸಾಕಲ್ಲ?

ಸುಪ್ರೀಂ ಕೋರ್ಟಿನ ಹೆಸರು ನನ್ನ ಬಾಯಲ್ಲಿ ಬರುವುದಕ್ಕೂ ಅಂಗಡಿಯೇ ಕಾರಣ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿರುವ ಒಬ್ಬಳು ಪ್ರಿನ್ಸಿಪಾಲರಿಗೆ ಅರ್ಜಿ ಟೈಪ್ ಮಾಡಿಸಲು ಬಂದಿದ್ದಳು. ಸರ್ಟಿಫಿಕೇಟಿನಲ್ಲಿ ಶೇಕಡ 40 ಅಂಗವೈಕಲ್ಯ ಇಲ್ಲ, ಹಾಗಾಗಿ ಸ್ಕ್ರೈಬ್ ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಅವಳೇ ಫೋನಿನಲ್ಲಿ ತೆಗೆದು ತೋರಿಸಿದ ತೀರ್ಪನ್ನು ನಾನು ಅರ್ಜಿಗೆ ಸೇರಿಸಿದೆ. ವಿಕಾಶ್ ಕುಮಾರ್ ಎಂಬ ಎಂಬಿಬಿಎಸ್ ಓದಿದವರಿಗೆ ಇದೇ ಕೈ ತೊಂದರೆಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟು, ಶೇಕಡ 40ರ ಗೆರೆ ಸ್ಕ್ರೈಬ್ ಪಡೆಯಲು ಅಡ್ಡಿಯಾಗಬಾರದು ಎಂದಿತು. 2022ರ ಆಗಸ್ಟಿನಲ್ಲಿ ಕೇಂದ್ರ ಇದಕ್ಕೆಂದೇ ಬೇರೆ ಮಾರ್ಗಸೂಚಿ ತಂದಿತು. ಒಂದೂವರೆ ಪುಟದ ಅರ್ಜಿ. ಅವಳಿಗೆ ಸ್ಕ್ರೈಬ್ ಸಿಕ್ಕಳು. ತನ್ನ ಕಾಲೇಜಿಗೆ ಕಾನೂನು ಕಲಿಸುವ ಕೆಲಸ ಹತ್ತೊಂಬತ್ತರ ಹುಡುಗಿಯ ಮೇಲೆ ಯಾಕೆ ಬೀಳಬೇಕು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ನಮ್ಮ ಕಡೆ ಯಾರಾದರೂ ಗೆದ್ದಾಗ ನಾವು ಅವರ ಛಲವನ್ನು ಹೊಗಳುತ್ತೇವೆ. ಪಕ್ಕದ ಕುಣಿಗಲ್ ತಾಲೂಕಿನ ಕೆಂಪಹೊನ್ನಯ್ಯನವರು ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು, 2016ರ ಯುಪಿಎಸ್‌ಸಿ ಪರೀಕ್ಷೆಯಲ್ಲಿ 340ನೇ ರ‍್ಯಾಂಕ್ ಪಡೆದರು. ಆ ಸುದ್ದಿ ಬಂದಾಗ ಪತ್ರಿಕೆ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿದ್ದೆ. ಅವರಿಗಾಗಿ ಪತ್ನಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿಕೊಟ್ಟರು ಎಂಬ ಸಾಲು ಅದರಲ್ಲಿತ್ತು. ಆಗ ಅದನ್ನು ದಾಂಪತ್ಯದ ಸೊಗಸು ಎಂದು ಓದಿದೆ. ಈಗ ಓದುವಾಗ ಬೇರೆಯೇ ಕಾಣುತ್ತದೆ. ಪುಸ್ತಕ ಓದಲು ಬರುವ ರೂಪದಲ್ಲಿದ್ದಿದ್ದರೆ ಆ ತಾಯಿಯ ಗಂಟಲಿಗೆ ಅಷ್ಟು ಕೆಲಸ ಇರುತ್ತಿತ್ತೇ? ನನ್ನ ಅಂಗಡಿಯ ಹುಡುಗನ ತಂಗಿ ತನ್ನ ಹತ್ತನೇ ತರಗತಿಯ ಓದು ಬದಿಗಿಟ್ಟು ಅಣ್ಣನ ಬಿಎ ನೋಟ್ಸ್ ಓದುತ್ತಿದ್ದಳು. ಕಾಲೇಜು ಕೊಡದ ಅನುಕೂಲವನ್ನು ಯಾವುದೋ ಮನೆಯ ಹೆಣ್ಣುಮಗಳು ಕೊಡುತ್ತಿರುತ್ತಾಳೆ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ, ಸಮರ್ಥನಂ ತರಹದ ಸಂಸ್ಥೆಗಳು ವರ್ಷಗಳಿಂದ ಧ್ವನಿಪುಸ್ತಕ, ಬ್ರೈಲ್ ಎಂದು ದುಡಿಯುತ್ತಿವೆ, ಅವರಿಗೆ ಕೈ ಮುಗಿಯಬೇಕು. ಆದರೆ ನಾಳೆ ಬೆಳಿಗ್ಗೆ ಹತ್ತು ಗಂಟೆಯ ಕ್ಲಾಸಿನ ನೋಟ್ಸನ್ನು ಆ ಸಂಸ್ಥೆಗಳು ಮಾಡಿಕೊಡಲಾರವು. ಅದು ಮೇಷ್ಟ್ರ ಕೆಲಸ, ನನ್ನ ಕೆಲಸ.

ಕಾಲೇಜುಗಳ ಪ್ರವೇಶ ಅರ್ಜಿಯನ್ನೂ ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೇನೆ. "ಅಂಗವೈಕಲ್ಯ ಇದೆಯೇ? ಹೌದು / ಇಲ್ಲ. ಇದ್ದರೆ ಶೇಕಡ ಎಷ್ಟು?" ಎಂದು ಒಂದು ಸಾಲು ಇರುತ್ತದೆ. ಅದರ ಕೆಳಗೆ "ತರಗತಿಯಲ್ಲಿ ನಿಮಗೆ ಏನು ಬೇಕು?" ಎಂದು ಇನ್ನೊಂದು ಸಾಲು ಹಾಕಿದರೆ ಹಾಳೆಯಲ್ಲಿ ಜಾಗ ಇದೆ, ನಾನು ಅಳೆದಿದ್ದೇನೆ. ಆ ಉತ್ತರಗಳನ್ನು ಓದಿ ಆಯಾ ಮೇಷ್ಟ್ರಿಗೆ ತಲುಪಿಸುವ ಜವಾಬ್ದಾರಿ ಹೆಸರು ಹಾಕಿ ಒಬ್ಬರಿಗೆ ಕೊಡಲಿ. ವಿಶ್ವವಿದ್ಯಾಲಯಗಳು ಒಂದು ಸುತ್ತೋಲೆ ಹೊರಡಿಸಿ, ಕನ್ನಡ ಮಾಧ್ಯಮದ ನೋಟ್ಸ್ ಯೂನಿಕೋಡಿನಲ್ಲೇ ಇರಬೇಕು ಎನ್ನಲಿ. ಸುತ್ತೋಲೆಯನ್ನು ದಯವಿಟ್ಟು ಯೂನಿಕೋಡಿನಲ್ಲೇ ಹೊಡೆಯಲಿ.

ನನ್ನ ಹಳೆಯ ಫೈಲುಗಳನ್ನು ಈಗ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಬದಲಾಯಿಸುತ್ತಿದ್ದೇನೆ. ಅದಕ್ಕೆ ಉಚಿತ ಪರಿವರ್ತಕಗಳಿವೆ, ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ. ಅರ್ಥಶಾಸ್ತ್ರ ಹೋಗಿ ಅಥರ್ಶಾಸ್ತ್ರ ಆಗುತ್ತದೆ. ಒಂದೊಂದನ್ನೂ ನೋಡಿ ತಿದ್ದಬೇಕು. ಮೊನ್ನೆ ಒಬ್ಬ ಮೇಷ್ಟ್ರು ಹೊಸ ನೋಟ್ಸ್ ತಂದು, "ಹಳೇ ನುಡೀಲೇ ಇರ್ಲಿ, ನಮ್ಮ ಕಂಪ್ಯೂಟರಲ್ಲಿ ಅದೇ ಇರೋದು" ಅಂದರು. ಎರಡರಲ್ಲೂ ಮಾಡಿ ಒಂದೇ ಪೆನ್‌ಡ್ರೈವಿಗೆ ಹಾಕಿಕೊಟ್ಟೆ, ಎರಡನೆಯದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹುಡುಗನಿಗೂ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಅವನ ಧ್ವನಿ ಸಂದೇಶ ಬಂತು.

"ಅಣ್ಣಾ, ಎಲ್ಲಾ ಓದ್ತೈತೆ. ಹದಿನಾಲ್ಕನೇ ಪುಟದಲ್ಲಿ ಮಾತ್ರ ಒಂದು ಸಾಲು ಮತ್ತೆ ಪೌಂಡಾಗೈತೆ, ನೋಡಿ."